ಆರು ಸೆಕೆಂಡಿನ ಸಮಜಾಯಿಷಿ

ಬೆಚ್ಚಗಿನ ನೀರು ತುಂಬಿದ ಅಗಲವಾದ ಟಬ್ಬಿನಲ್ಲಿ ಕೂತು ಅವಳು ನೋಟೀಸನ್ನು ಮೂರನೇ ಸಲ ಓದಿದಳು. ರೇಡಿಯೋದಲ್ಲಿ ವಾರ್ತೆ ಓದುವುದು ಅವಳ ಕೆಲಸವಾದ್ದರಿಂದ, ಮನಸ್ಸಿನಲ್ಲೇ ಓದುವಾಗಲೂ ಅಲ್ಪವಿರಾಮಕ್ಕೆ ತಡೆದು, ಪೂರ್ಣವಿರಾಮಕ್ಕೆ ದನಿ ಇಳಿಸಿ ಓದುವ ಚಾಳಿ. ‘ಇಂದು ಬೆಳಗಿನ ಏಳು ಹತ್ತರ ವಾರ್ತಾಪ್ರಸಾರದಲ್ಲಿ, ನಾಲ್ಕನೆಯ ಸುದ್ದಿಯ ನಡುವೆ, ಆರು ಸೆಕೆಂಡುಗಳ ಮೌನ ಉಂಟಾಗಿರುವುದು ಕಂಡುಬಂದಿದೆ. ಕಾರಣವೇನೆಂದು ನಾಳೆ ಸಂಜೆ ಐದರೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.’ ಕೈಗೆ ಬಂದದ್ದು ನಿನ್ನೆ ಮಧ್ಯಾಹ್ನ. ನಾಳೆ ಅಂದರೆ ಇವತ್ತು. ಕಾಗದದ ಮೂಲೆ ನೀರಿಗೆ ತಾಗಿ ಒದ್ದೆಯಾಗಿತ್ತು. ಅದನ್ನು ಮೊಣಕಾಲಿನ ಮೇಲೆ ಹರವಿ ಒಣಗಲು ಬಿಟ್ಟಳು. ಬಚ್ಚಲ ಬಾಗಿಲಿನಾಚೆ ಅಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ನಡೆಯುತ್ತಿದ್ದ ಸದ್ದು ಕೇಳುತ್ತಿತ್ತು.

“ಆಯ್ತೇನೇ? ನೀರು ತಣ್ಣಗಾಗಿರುತ್ತೆ. ಇದು ಹಾಲಿಗೆ ಹಟ ಹಿಡಿದಿದೆ.”

“ಇನ್ನು ಐದು ನಿಮಿಷ ಅಮ್ಮ.”

“ಕೆಮ್ಮು ಬಂತು ಅಂತ ಎರಡು ಸಾಲು ಗೀಚಿ ಕೊಟ್ಟು ಬಾ. ಯಾರಿಗೆ ಕೆಮ್ಮು ಬರಲ್ಲ? ಅದಕ್ಕೆ ರಾಮಾಯಣ ಯಾಕೆ?”

ಕೆಮ್ಮು ಅಂತ ಬರೆಯುವುದು ನಿಜಕ್ಕೂ ಸುಲಭವಾಗಿತ್ತು. ಸ್ಟುಡಿಯೋದ ಮೇಜಿನ ಮೇಲೆ, ಓದುವವರ ಬಲಗೈಗೆ ಎಟಕುವಲ್ಲಿ ಇರುವ ಗುಂಡಿಯ ಹೆಸರೇ ಕೆಮ್ಮಿನ ಗುಂಡಿ. ಒತ್ತಿ ಹಿಡಿದಷ್ಟು ಹೊತ್ತು ಮೈಕು ಕಿವುಡಾಗುತ್ತದೆ. ಹನ್ನೊಂದು ವರ್ಷದಲ್ಲಿ ಅವಳು ಅದನ್ನು ಎರಡೇ ಸಲ ಒತ್ತಿದ್ದಳು, ಎರಡು ಸಲವೂ ನಿಜವಾದ ಕೆಮ್ಮಿಗೆ. ನಿನ್ನೆ ಜಲಾಶಯದ ನೀರಿನ ಮಟ್ಟ ಓದುತ್ತಿದ್ದಾಗ ಹೊಟ್ಟೆಯೊಳಗೆ ಎಲ್ಲೋ ಒಂದು ಗುಳ್ಳೆ ಹೊರಳಿ, ದಾರಿ ಗೊತ್ತಿರುವವರ ಹಾಗೆ ಕೆಳಗಿಳಿಯತೊಡಗಿತು. ಅವಳು ಬಿಗಿ ಹಿಡಿದಳು. ಹಿಡಿಯಬೇಕಾದ್ದು ಹಿಡಿಯಲಿಲ್ಲ, ಒದ್ದೆ ಕೈಯಲ್ಲಿ ಸೋಪು ಹಿಡಿದ ಹಾಗೆ ಎಲ್ಲ ಜಾರಿತು. ‘ನೀರಿನ ಮಟ್ಟ ನಿನ್ನೆಗಿಂತ’ ಎಂಬಲ್ಲಿಗೆ ನಿಲ್ಲಿಸಿ ಗುಂಡಿ ಒತ್ತಿದಳು. ಸದ್ದು ಒಂದೇ ಕ್ಷಣದ್ದು. ಆದರೆ ಅದು ಮುಗಿಯಿತೋ ಇಲ್ಲವೋ ಎಂಬ ಭರವಸೆ ಅವಳಿಗೆ ಬರಬೇಕಾದರೆ ಇನ್ನೂ ಐದು ಸೆಕೆಂಡು ಬೇಕಾಯಿತು. ಗಾಜಿನಾಚೆ ಕೂತಿದ್ದ ಎಂಜಿನಿಯರ್ ತಲೆಯೆತ್ತಿ ನೋಡಿ, ಗಡಿಯಾರ ನೋಡಿ, ದಪ್ಪ ಪುಸ್ತಕದಲ್ಲಿ ಏನೋ ಬರೆದುಕೊಂಡ. ಅವಳು ‘ಎರಡು ಅಡಿ ಏರಿದೆ’ ಎಂದು ಮುಂದುವರಿಸಿದಳು. ದನಿ ನಡುಗಲಿಲ್ಲ. ದನಿ ಯಾವತ್ತೂ ಅವಳ ಮಾತು ಕೇಳುತ್ತಿತ್ತು. ಮುಚ್ಚಿದ ಕೋಣೆಯ ವಾಸನೆಯಲ್ಲಿ ಕೂತು ಅವಳು ಕ್ರೀಡಾ ಸುದ್ದಿ, ಹವಾಮಾನ, ಮುಖ್ಯಾಂಶ ಎಲ್ಲ ಓದಿ ಮುಗಿಸಿದಳು. ಮುಗಿಸಿ ಹೊರಗೆ ಬಂದಾಗ, ಮುಂದಿನ ಕಾರ್ಯಕ್ರಮಕ್ಕೆ ಒಳಗೆ ಹೋಗುತ್ತಿದ್ದ ಹುಡುಗಿ ಬಾಗಿಲಲ್ಲೇ ಒಂದು ಗಳಿಗೆ ನಿಂತು, ದುಪಟ್ಟಾ ಮೂಗಿಗೆ ಏರಿಸಿಕೊಂಡು ಒಳಗೆ ಹೋದಳು. ನೋಟೀಸಿಗಿಂತ ಆ ದುಪಟ್ಟಾ ಹೆಚ್ಚು ಚುಚ್ಚಿತ್ತು.

ಮಗುವಿಗೆ ಹಾಲೂಡಿಸಲು ಅವಳು ಮಂಚದ ಮೇಲೆ ಒಂದು ಮಗ್ಗುಲಿಗೆ ಮಲಗಿದಳು. ಮೊದಲ ಮೂರು ತಿಂಗಳು ಕೂತು ಹಾಲು ಕೊಡಲು ಆಗಿರಲೇ ಇಲ್ಲ. ಈಗ ಕೂರಲು ಬಂದರೂ ಮಗಳು ಮಲಗಿ ಕುಡಿಯುವುದಕ್ಕೇ ಒಗ್ಗಿಹೋಗಿದ್ದಳು. ಆರು ತಿಂಗಳ ಆ ದುಂಡು ತಲೆಯನ್ನು ಸವರುವಾಗ ಕೈ ಈಗಲೂ ಅಳತೆ ತೆಗೆಯುತ್ತಿತ್ತು. ಇಷ್ಟು ದೊಡ್ಡ ತಲೆ. ಆಸ್ಪತ್ರೆಯ ದೀಪದ ಕೆಳಗೆ ಯಾರೋ ‘ಇಕ್ಕಳ ಕೊಡಿ’ ಅಂದದ್ದು, ತಣ್ಣನೆಯ ಲೋಹ, ಆಮೇಲೆ ಹಳೆಯ ಬೆಡ್‌ಶೀಟನ್ನು ಇಬ್ಬರು ಎರಡು ಕಡೆ ಹಿಡಿದು ಎಳೆದಾಗ ಆಗುವಂಥ ಸದ್ದು; ಅದು ತನ್ನ ಮೈಯಿಂದ ಬಂತು ಎಂದು ತಿಳಿಯುವುದರೊಳಗೆ ಮಗು ಅತ್ತಿತ್ತು. ಹೊಲಿಗೆ ಹಾಕುತ್ತಾ ಡಾಕ್ಟರು ಪಕ್ಕದವರಿಗೆ, “ಮೂರನೇ ದರ್ಜೆ, ಸ್ನಾಯುವಿನವರೆಗೂ ಹೋಗಿದೆ” ಅಂದರು. ಒಂದನೇ ತರಗತಿಯಿಂದ ಹಿಡಿದು ಎಲ್ಲದರಲ್ಲೂ ಮೊದಲ ದರ್ಜೆಯಲ್ಲಿ ಪಾಸಾದವಳು ನಾನು, ಕಡೆಗೆ ಇಲ್ಲಿ ಬಂದು ಮೂರನೇ ದರ್ಜೆ ಅಂತ ಅವಳು ಆ ಅಮಲಿನಲ್ಲೂ ತಮಾಷೆ ಮಾಡಿದ್ದಳಂತೆ. ಎಲ್ಲರೂ ನಕ್ಕಿದ್ದರಂತೆ. ಆರು ವಾರದಲ್ಲಿ ಎಲ್ಲ ಮಾಮೂಲು ಎಂದು ಹೇಳಿ ಕಳಿಸಿದರು. ಒಂಬತ್ತನೇ ದಿನ ಹೊಲಿಗೆ ಬಿಟ್ಟಿತು. ಕೀವಾಗಿತ್ತು. ಮತ್ತೆ ಹೊಲಿಯಲು ಬರುವುದಿಲ್ಲ, ಒಳಗಿನಿಂದ ತಾನಾಗಿ ತುಂಬಿಕೊಂಡು ಬರಬೇಕು, ಕಾಯಬೇಕು ಅಂದರು. ಅವಳು ಕಾದಳು. ಗಾಯ ಮಾಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅದು ಎಷ್ಟು ದಡ್ಡತನದಿಂದ ಮಾಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ಬೇಕಾದ ಕಡೆ ತುಂಬದೆ, ಬೇಡದ ಕಡೆ ಕೆಂಪು ಮಾಂಸ ಉಕ್ಕಿ ಬೆಳೆದು, ನಾಲ್ಕನೇ ತಿಂಗಳಲ್ಲಿ ಅದನ್ನು ಬೆಂಕಿಕಡ್ಡಿಯಂಥದೊಂದು ಔಷಧದ ಕಡ್ಡಿಯಿಂದ ಸುಟ್ಟರು. ಸುಡುವಾಗ ಅವಳು ಮನಸ್ಸಿನಲ್ಲೇ ಹವಾಮಾನ ವರದಿ ಓದಿಕೊಂಡಳು.

ಮಗಳ ತಲೆಯ ಮೇಲೆ ಸಿಟ್ಟು ಬಂದ ದಿನಗಳಿದ್ದವು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹಣ್ಣಿನಂಗಡಿಯ ಮುಂದೆ, ಕೈಯಲ್ಲಿ ಸೇಬು ಹಿಡಿದುಕೊಂಡು ನಿಂತಲ್ಲೇ ಸೀರೆಯೊಳಗೆ ಆಗಿಹೋದ ದಿನ. ಅಂಗಡಿಯ ಹೆಂಗಸು ಮುಖ ನೋಡಿಯೇ ಅರ್ಥ ಮಾಡಿಕೊಂಡು, ಹಿಂದಿನ ಕೋಣೆಯ ನಲ್ಲಿ ತೋರಿಸಿ, ಒಂದು ಕವರು ಕೈಗಿಟ್ಟು ಗಿರಾಕಿಗಳ ಕಡೆ ತಿರುಗಿದ್ದಳು. ಆ ದಿನ ಮನೆಗೆ ಬಂದವಳೇ ತೊಟ್ಟಿಲ ಹತ್ತಿರ ಹೋಗಿ “ನೋಡು, ನೀನು ಮಾಡಿದ್ದು ನೋಡು” ಅಂದಿದ್ದಳು. ಮಗು ನಕ್ಕಿತ್ತು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು, ಅತ್ತು ಮುಗಿದ ಮೇಲೆ ಮುಖ ತೊಳೆದು, ಆಸ್ಪತ್ರೆಯ ಚೀಟಿ ಹುಡುಕಿ, ವ್ಯಾಯಾಮ ಹೇಳಿಕೊಡುವ ಡಾಕ್ಟರಿಗೆ ಫೋನು ಮಾಡಿದಳು.

ಆ ಡಾಕ್ಟರಮ್ಮ ಅವಳಿಗಿಂತ ಚಿಕ್ಕವಳು, ಮಾತು ನೇರ. ಮೊದಲ ದಿನವೇ ಕೈಗೆ ಕನ್ನಡಿ ಕೊಟ್ಟು, “ನೋಡ್ಕೊಳ್ಳಿ. ನಿಮ್ಮದೇ ಮೈ, ಪರರ ಮನೆಯಲ್ಲ” ಅಂದಳು. ನೋಡಿದಳು. ಅಂದುಕೊಂಡಷ್ಟು ಘೋರವಾಗಿರಲಿಲ್ಲ, ರಿಪೇರಿ ನಡೆಯುತ್ತಿರುವ ರಸ್ತೆಯ ಹಾಗೆ ಕಂಡಿತು. ಲಿಫ್ಟು ಮೇಲೆ ಹೋಗುವ ಹಾಗೆ ಒಳಗಿನಿಂದ ಎತ್ತಿ, ಹಿಡಿದುಕೊಳ್ಳಿ, ಬಿಡಿ. ಮೊದಲ ದಿನ ಎರಡು ಸೆಕೆಂಡು ಹಿಡಿದಳು. “ಉಸಿರು ಕಟ್ಟಬೇಡಿ. ನೀವೇನು ಇಡೀ ಜೀವನ ಉಸಿರು ಬಿಗಿ ಹಿಡಿದೇ ಬದುಕಿದೀರಾ?” ಹೌದು, ಹಾಗೆಯೇ ಬದುಕಿದ್ದಳು, ಇಪ್ಪತ್ತು ಪದಗಳ ವಾಕ್ಯವನ್ನು ಒಂದೇ ಉಸಿರಿಗೆ ಓದುವುದೇ ಅವಳ ಹೆಗ್ಗಳಿಕೆಯಾಗಿತ್ತು. ಈಗ ಉಸಿರು ಬಿಟ್ಟು ಸ್ನಾಯು ಹಿಡಿಯುವುದನ್ನು ಕಲಿಯಬೇಕಿತ್ತು. ದಿನಕ್ಕೆ ಮೂರು ಸಲ, ಹಳೆಯ ಪೇಪರನ್ನು ಗಟ್ಟಿಯಾಗಿ ಓದುತ್ತಾ ಅಭ್ಯಾಸ ಮಾಡಿದಳು. ಎರಡು ನಾಲ್ಕಾಯಿತು, ನಾಲ್ಕು ಏಳಾಯಿತು. ಏಳರಲ್ಲಿ ಒಂದು ತಿಂಗಳು ನಿಂತುಬಿಟ್ಟಿತು. ಅಮ್ಮ ಪಕ್ಕದಲ್ಲಿ ಬಟ್ಟೆ ಮಡಚುತ್ತಾ, “ನಾಲ್ಕು ಹೆತ್ತೆ ನಾನು. ಯಾರೂ ನನಗೆ ಹೀಗೆ ಕಸರತ್ತು ಹೇಳಿಕೊಡಲಿಲ್ಲಪ್ಪ” ಅನ್ನುವಳು. ಹೇಳಿಕೊಟ್ಟಿರಲಿಲ್ಲ, ನಿಜ. ಅಮ್ಮ ಸೀನು ಬಂದಾಗೆಲ್ಲ ಇದ್ದಲ್ಲೇ ಕಾಲು ಹೆಣೆದುಕೊಂಡು ನಿಲ್ಲುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು, ಅದೊಂದು ಅಭ್ಯಾಸ ಅಂದುಕೊಂಡಿದ್ದಳು. ಈಗ ಹಾಗೆ ನಿಲ್ಲುವುದನ್ನು ಕಂಡರೆ ಕಣ್ಣು ಬೇರೆ ಕಡೆ ತಿರುಗಿಸುವಳು.

ಹೊರಡುವ ಹೊತ್ತಿಗೆ ಗಂಡ ಹೊಸ ದಿಂಬು ಹಿಡಿದುಕೊಂಡು ಬಂದ. ಕುರ್ಚಿ, ಸೋಫಾಗಳಿಗೆ ಮೆತ್ತೆ ಹಾಕುವುದು ಅವನ ಕಸುಬು. ನಡುವೆ ಕೊರೆದ, ಕೂತರೆ ಗಾಯಕ್ಕೆ ತಾಗದ ದಿಂಬನ್ನು ಇವಳಿಗಾಗಿ ಕತ್ತರಿಸಿ ಹೊಲಿದದ್ದು ಇದು ನಾಲ್ಕನೇದು. ಮೊದಲನೆಯದು ಮೆತ್ತಗಾಗಿ ಕುಸಿದಿತ್ತು, ಎರಡನೆಯದು ಎತ್ತರವಾಗಿ ಮೈಕಿಗೆ ಬಾಯಿ ಸರಿಹೋಗಿರಲಿಲ್ಲ, ಮೂರನೆಯದನ್ನು ಅಮ್ಮ ಒಗೆದು ಹಾಳುಮಾಡಿದ್ದಳು. ಆರು ತಿಂಗಳಿಂದ ಅವರಿಬ್ಬರೂ ಒಂದೇ ಮಂಚದಲ್ಲಿ ಮಗುವನ್ನು ನಡುವೆ ಮಲಗಿಸಿಕೊಂಡು, ಗಡಿ ಕಾಯುವವರ ಹಾಗೆ ಮಲಗುತ್ತಿದ್ದರು. ಅವನು ಒಂದು ಸಲವೂ ಕೇಳಿರಲಿಲ್ಲ. ಕೇಳದಿರುವುದು ಪ್ರೀತಿಯೋ ಹೇಸಿಗೆಯೋ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ತಿಳಿಯಲು ಇದ್ದ ಒಂದೇ ಆಧಾರ ಈ ದಿಂಬುಗಳು.

“ಕೂತು ನೋಡು. ಎತ್ತರ ಸರಿಯಾ?”

ಕೂತಳು. “ಸರಿಯಾಗಿದೆ.”

“ಕಪ್ಪು ಬಟ್ಟೆ ಹಾಕಿದೀನಿ. ಆಫೀಸಿನ ಕುರ್ಚಿ ಕಪ್ಪಲ್ವಾ, ಗೊತ್ತಾಗಲ್ಲ.” ಆಮೇಲೆ ನೆಲ ನೋಡುತ್ತಾ ಕೇಳಿದ, “ಏನಂತ ಬರೀತೀಯ?”

“ಕೆಮ್ಮು ಅಂತ ಬರೆದರೆ ಈ ಸಲ ತಪ್ಪಿಸ್ಕೋಬಹುದು. ಮುಂದಿನ ಸಲ? ಅದರ ಮುಂದಿನ ಸಲ? ಮೂರು ಸಲ ಕೆಮ್ಮಿದರೆ ಕ್ಷಯರೋಗ ಅಂತ ಹೊರಗೆ ಹಾಕ್ತಾರೆ.”

ಅವನು ನಗಲಿಲ್ಲ. ದಿಂಬಿನ ಒಂದು ದಾರ ಹೊರಗೆ ಬಂದಿತ್ತು, ಅದನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿ, “ಇದ್ದದ್ದು ಇದ್ದ ಹಾಗೆ ಬರಿ” ಅಂದ. “ನೀನು ಮಾಡಿದ ತಪ್ಪಲ್ಲ ಅದು.” ಇಷ್ಟು ತಿಂಗಳಲ್ಲಿ ಅವನು ಆ ವಿಷಯಕ್ಕೆ ಆಡಿದ ಅತಿ ಉದ್ದದ ಮಾತು ಅದೇ.

ಆಫೀಸಿನಲ್ಲಿ ಅವಳು ನಾಲ್ಕು ಹಾಳೆ ಹಾಳುಮಾಡಿದಳು. ‘ಆರೋಗ್ಯದ ಕಾರಣಗಳಿಂದ’ ಎಂದು ಶುರುಮಾಡಿದ ವಾಕ್ಯ ಮುಂದೆ ಹೋಗಲೇ ಇಲ್ಲ. ಆರೋಗ್ಯ ಎಂಬ ಶಬ್ದ ಇದಕ್ಕೆಲ್ಲ ಬಾಗಿಲು ಹಾಕಿಕೊಂಡು ಕೂತಿತ್ತು. ‘ದೈಹಿಕ ತೊಂದರೆ’ ಅಂದರೆ ಹಲ್ಲುನೋವೂ ಆಗಬಹುದು. ಹನ್ನೊಂದು ವರ್ಷ ಯಾರು ಯಾರದೋ ಅಪಘಾತ, ಸಾವು, ರಾಜೀನಾಮೆಗಳನ್ನು ಒಂದೇ ಒಂದು ಪದವೂ ಅತ್ತಿತ್ತ ಆಗದಂತೆ ಓದಿದವಳಿಗೆ ತನ್ನ ಸುದ್ದಿಗೆ ಪದ ಸಿಗದಿರುವುದು ಅವಮಾನವಾಗಿ ಕಂಡಿತು. ಕೊನೆಗೆ, ಬುಲೆಟಿನ್ ಬರೆಯುವ ಹಾಗೆ ಬರೆಯೋಣ ಅಂದುಕೊಂಡಳು: ಏನಾಯಿತು, ಯಾಕಾಯಿತು, ಮುಂದೇನು. ಹಾಗಂದುಕೊಂಡ ಮೇಲೆ ಹತ್ತೇ ನಿಮಿಷದಲ್ಲಿ ಮುಗಿಯಿತು. ಆದರೆ ಸಮಜಾಯಿಷಿ ಕೈಬರಹದಲ್ಲಿ ಇರುವಂತಿಲ್ಲ. ಟೈಪಾಗಿ, ನಂಬರು ಬಿದ್ದು ಹೋಗಬೇಕು. ಟೈಪು ಮಾಡುವವಳು ಅತ್ತರಕ್ಕ.

ಅತ್ತರಕ್ಕನ ಕೋಣೆ ನೆಲಮಹಡಿಯ ಕೊನೆಯಲ್ಲಿ, ಹೆಂಗಸರ ಟಾಯ್ಲೆಟ್ಟಿಗೆ ಅಂಟಿಕೊಂಡು ಇತ್ತು. ಮೈತುಂಬ ಗುಲಾಬಿಯ ಅತ್ತರು ಬಳಿದುಕೊಂಡು ಬರುವ ಆ ಹೆಂಗಸು ಕಾರಿಡಾರಿನಲ್ಲಿ ಹಾದುಹೋದ ಎಷ್ಟೋ ಹೊತ್ತಿನ ಮೇಲೂ ಗಾಳಿ ಸಿಹಿಯಾಗಿ ಉಸಿರು ಕಟ್ಟಿಸುತ್ತಿತ್ತು. ಮೇಲಿನ ಮಹಡಿಗೆ ಬಡ್ತಿ ಬಂದಾಗ ಬೇಡ ಅಂದವಳು, ಸಮಾರಂಭಗಳಲ್ಲಿ ಯಾವಾಗಲೂ ಬಾಗಿಲ ಹತ್ತಿರವೇ ನಿಲ್ಲುವವಳು, ಯಾರು ಎಷ್ಟು ಬಲವಂತ ಮಾಡಿದರೂ ಆಫೀಸಿನಲ್ಲಿ ಒಂದು ತುತ್ತು ತಿನ್ನದವಳು. ಆ ಹೆಸರು ಇಟ್ಟದ್ದು ಇವಳೇ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಯಾರದೋ ಬೀಳ್ಕೊಡುಗೆಯ ಚಹಾದ ಹೊತ್ತಿನಲ್ಲಿ, ವಾರ್ತೆಯ ದನಿಯಲ್ಲಿ ‘ಅತ್ತರಕ್ಕ ಈಗಷ್ಟೇ ಆಗಮಿಸಿದ್ದು, ಉಸಿರಾಟದ ತೊಂದರೆ ಇರುವವರು ಸುರಕ್ಷಿತ ಸ್ಥಳಗಳಿಗೆ ತೆರಳುವಂತೆ ಕೋರಲಾಗಿದೆ’ ಎಂದು ಹೇಳಿ ಎಲ್ಲರನ್ನೂ ನಗಿಸಿದ್ದಳು. ಹೆಸರು ಅಂಟಿಕೊಂಡುಬಿಟ್ಟಿತು. ಎದುರಿಗೆ ಎಲ್ಲರೂ ಅಕ್ಕ ಅನ್ನುತ್ತಿದ್ದರು.

“ಬನ್ನಿ ಮೇಡಂ,” ಅಂದಳು ಅಕ್ಕ, ಕಂಪ್ಯೂಟರಿನಿಂದ ಕಣ್ಣೆತ್ತದೆ. ಹಾಳೆ ತೆಗೆದುಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ ಟೈಪು ಮಾಡತೊಡಗಿದಳು. ಅವಳ ಬೆರಳುಗಳು ವೇಗಕ್ಕೆ ಹೆಸರಾದವು. ಇವಳು ನಿಂತೇ ಇದ್ದಳು. ಕೀಲಿಗಳ ಸದ್ದು ಮಳೆಯ ಹಾಗೆ ಒಂದೇ ಸಮ ಬೀಳುತ್ತಿತ್ತು. ಮೂರನೇ ಸಾಲಿನ ಹತ್ತಿರ ಬಂದಾಗ ನಿಂತಿತು. ನಿಂತದ್ದು ನಿಂತೇ ಇತ್ತು. ಇವಳ ಕಿವಿ ಬಿಸಿಯಾಯಿತು. ಈಗ ಈ ಹೆಂಗಸು ತಲೆಯೆತ್ತುತ್ತಾಳೆ, ನನ್ನನ್ನು ನೋಡುತ್ತಾಳೆ, ಸಂಜೆಯೊಳಗೆ ಇಡೀ ಕಟ್ಟಡಕ್ಕೆ ಗೊತ್ತಾಗುತ್ತದೆ, ನನಗೂ ಒಂದು ಹೆಸರು ಹುಟ್ಟುತ್ತದೆ. ಹುಟ್ಟಲಿ. ಅಕ್ಕ ತಲೆಯೆತ್ತಲಿಲ್ಲ. ಎದ್ದುಹೋಗಿ ಬಾಗಿಲು ಹಾಕಿ ಚಿಲಕ ಹಾಕಿದಳು.

“ಕೂತ್ಕೋ,” ಅಂದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಏಕವಚನ.

ಇವಳು ಬಗಲಲ್ಲಿದ್ದ ದಿಂಬು ಕುರ್ಚಿಗೆ ಹಾಕಿ ಕೂತಳು. ಅಕ್ಕ ದಿಂಬನ್ನು ನೋಡಿದಳು, ನಡುವಿನ ತೂತನ್ನು ನೋಡಿದಳು.

“‘ವಾಯು ತಡೆಯಲಾಗದೆ’ ಅಂತ ಬರೆದಿದೀಯ. ಬರೀ ವಾಯು ಅಂದ್ರೆ ಅವರು ಹವಾಮಾನ ಅನ್ಕೊಂಡಾರು. ಅಪಾನವಾಯು ಅಂತ ಹಾಕ್ಲಾ?”

“ಹಾಕಿ ಅಕ್ಕ.”

ಅಕ್ಕ ಟೈಪು ಮಾಡಲಿಲ್ಲ. ಕೈಗಳು ಮಡಿಲಲ್ಲಿ ಇದ್ದವು. “ಮಗನಿಗೆ ಬರೋ ತಿಂಗಳಿಗೆ ಮೂವತ್ತು ತುಂಬುತ್ತೆ,” ಅಂದಳು. “ಎರಡು ದಿನ ನೋವು ತಿಂದೆ. ಮನೇಲೇ ಆಯ್ತು. ಹೊಲಿಗೆ ಹಾಕೋರು ಯಾರಿದ್ರು? ಹರಿದದ್ದು ಹರಿದ ಹಾಗೇ ಮಾಯ್ತು. ನಮ್ಮತ್ತೆ ಹೇಳಿದ್ರು, ಹೆಂಗಸಿನ ಮೈ ಅಂದ್ರೆ ಹೀಗೇ, ಬಾಯಿ ಮುಚ್ಕೊಂಡು ಇರು ಅಂತ. ಇದ್ದೆ.”

“ಮೂವತ್ತು ವರ್ಷ?”

“ಬೆಳಗ್ಗೆ ಏನೂ ತಿನ್ನಲ್ಲ. ಸಂಜೆ ಮನೆಗೆ ಹೋಗೋವರೆಗೂ ತಿನ್ನಲ್ಲ. ಬಸ್ಸಿನಲ್ಲಿ ಬಾಗಿಲ ಹತ್ತಿರ ನಿಲ್ತೀನಿ. ಮೇಲಿನ ಮಹಡೀಲಿ ಟಾಯ್ಲೆಟ್ಟು ಆ ತುದೀಲಿದೆ, ಅದಕ್ಕೇ ಬಡ್ತಿ ಬೇಡ ಅಂದೆ. ತಲೆ ಕೆಟ್ಟಿದೆ ಇವಳಿಗೆ ಅಂದ್ರು. ಅನ್ನಲಿ. ಅತ್ತರು ಯಾಕೆ ಅಂತ ನಿನಗೀಗ ಬಿಡಿಸಿ ಹೇಳಬೇಕಾಗಿಲ್ಲ.”

ಇವಳು ಮುಂದಕ್ಕೆ ಬಾಗಿದಳು. “ಅಕ್ಕ, ಆ ಹೆಸರು…”

“ನೀನೇ ಇಟ್ಟಿದ್ದು. ಗೊತ್ತು ನನಗೆ. ಬಾಗಿಲ ಹತ್ತಿರಾನೇ ನಿಂತಿದ್ದೆ ನಾನು ಆವತ್ತು.” ಅಕ್ಕ ಕನ್ನಡಕ ಮೇಲೆ ಏರಿಸಿಕೊಂಡಳು. “ಅದಕ್ಕೆ ಮುಂಚೆ ಇದ್ದ ಹೆಸರಿಗಿಂತ ಎಷ್ಟೋ ವಾಸಿ ಇತ್ತು.”

ಹಾಗಂದು ಮತ್ತೆ ಟೈಪು ಮಾಡತೊಡಗಿದಳು. ಕ್ಷಮಿಸಿದಳೋ ಇಲ್ಲವೋ ಆ ಬೆನ್ನಿನಿಂದ ಗೊತ್ತಾಗುವಂತಿರಲಿಲ್ಲ. ಕ್ಷಮೆ ಕೇಳಲು ಬಾಯಿ ತೆರೆದವಳು, ಕೇಳಿದರೆ ಹಗುರಾಗುವುದು ತನ್ನ ಎದೆಯೇ ಹೊರತು ಅಕ್ಕನದಲ್ಲ ಅನ್ನಿಸಿ ಮುಚ್ಚಿದಳು. ಅದರ ಬದಲು ಕೇಳಿದಳು, “ಅಕ್ಕ, ಗುರುವಾರ ನಾನು ವ್ಯಾಯಾಮದ ಡಾಕ್ಟರ ಹತ್ತಿರ ಹೋಗ್ತೀನಿ. ಜೊತೆಗೆ ಬರ್ತೀರಾ?”

“ಈ ವಯಸ್ಸಿಗಾ? ಐವತ್ತೇಳು ನನಗೆ.”

“ನಾನಲ್ಲಿ ಎಪ್ಪತ್ತರವರನ್ನ ನೋಡಿದೀನಿ.”

ಪ್ರಿಂಟರು ಕಾಗದವನ್ನು ನಿಧಾನವಾಗಿ ಹೊರಗೆ ತಳ್ಳಿತು. ಅಕ್ಕ ಅದನ್ನು ಎತ್ತಿ, ಒಂದು ಸಲ ಕಣ್ಣಾಡಿಸಿ, ನಂಬರು ಹಾಕಿ ಕೊಟ್ಟಳು. “ಸಹಿ ಹಾಕು,” ಅಂದಳು. ಚಿಲಕ ತೆಗೆದಳು.

ಹಾಳೆಯಲ್ಲಿ ಹೀಗಿತ್ತು: ‘ಸದರಿ ಆರು ಸೆಕೆಂಡುಗಳ ಮೌನಕ್ಕೆ ನಾನೇ ಕಾರಣ. ಹೆರಿಗೆಯ ಸಮಯದಲ್ಲಿ ನನ್ನ ಗುದದ ಸುತ್ತಲಿನ ಸ್ನಾಯು ಹರಿದಿದ್ದು, ಹೊಲಿಗೆ ಬಿಟ್ಟು, ಗಾಯ ಮಾಯುವುದು ತಡವಾಗಿದೆ. ಅಪಾನವಾಯು ತಡೆಯಲಾಗದೆ, ಶಬ್ದ ಶ್ರೋತೃಗಳಿಗೆ ಕೇಳಬಾರದೆಂದು ಮೈಕನ್ನು ನಾನೇ ಸ್ಥಗಿತಗೊಳಿಸಿದೆ. ಚಿಕಿತ್ಸೆ ನಡೆದಿದೆ. ಬೆಳಗಿನ ವೇಳೆ ತೊಂದರೆ ಹೆಚ್ಚಿರುವುದರಿಂದ ಮೂರು ತಿಂಗಳ ಮಟ್ಟಿಗೆ ಮಧ್ಯಾಹ್ನದ ವಾರ್ತೆಯನ್ನೂ, ಟಾಯ್ಲೆಟ್ಟಿಗೆ ಸಮೀಪವಿರುವ ಎರಡನೇ ಸ್ಟುಡಿಯೋವನ್ನೂ ನನಗೆ ಒದಗಿಸಬೇಕಾಗಿ ಕೋರುತ್ತೇನೆ.’

ನಿಲಯದ ಮುಖ್ಯಸ್ಥರು ಒಳ್ಳೆಯ ಮನುಷ್ಯ. ಮುಜುಗರವಾದಾಗ ಕನ್ನಡಕ ಒರೆಸುತ್ತಿದ್ದರು. ಮೊದಲ ಎರಡು ಸಾಲು ಓದಿ ಕನ್ನಡಕ ತೆಗೆದವರು ಒರೆಸುತ್ತಲೇ ಉಳಿದರು. ಕಿಟಕಿಯಾಚೆ ಯಾರೋ ಸ್ಕೂಟರು ಶುರುಮಾಡಲು ಒದೆಯುತ್ತಿದ್ದರು, ಅದು ಗುಟುರು ಹಾಕಿ ಸುಮ್ಮನಾಗುತ್ತಿತ್ತು. ಇಬ್ಬರೂ ಅದನ್ನು ಕೇಳಿಸಿಕೊಂಡರು.

“ಇಷ್ಟೆಲ್ಲ… ಬರೀಬೇಕಾಗಿರಲಿಲ್ಲ ನೀವು. ಕೆಮ್ಮು ಅಂದಿದ್ರೆ ಸಾಕಾಗಿತ್ತು. ಇದನ್ನ ಫೈಲಿಗೆ ಹಾಕಬೇಕಾ?”

“ಹಾಕಿ ಸರ್. ಕಾರಣ ಕೇಳಿದ್ರಿ, ಬರೆದಿದೀನಿ.”

“ನೋಡಿ, ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ. ಧ್ವನಿ ಭಂಡಾರದಲ್ಲಿ ಜಾಗ ಇದೆ. ಹಳೆ ಟೇಪುಗಳ ಪಟ್ಟಿ ಮಾಡೋ ಕೆಲಸ. ಅಲ್ಲಿ ಯಾರೂ ಇರಲ್ಲ. ನಿಮಗೆ ಆರಾಮ.”

ಯಾರೂ ಇರಲ್ಲ. ಬಾಗಿಲ ಹತ್ತಿರ ನಿಲ್ಲುವುದು, ತಿನ್ನದೆ ಇರುವುದು, ಬಡ್ತಿ ಬೇಡ ಅನ್ನುವುದು, ಎಲ್ಲ ಇಲ್ಲಿಂದಲೇ, ಇಂಥದೇ ಒಳ್ಳೆಯ ಮಾತಿನಿಂದ ಶುರುವಾಗುತ್ತದೆ ಎಂದು ಅವಳಿಗೆ ಹೊಳೆಯಿತು. ಆ ತಂಪು ಕೋಣೆ ಕಣ್ಣ ಮುಂದೆ ಬಂತು. ಕಪಾಟುಗಳ ಸಾಲು, ಧೂಳು, ಯಾರೂ ಕೇಳದ ಜಾಗದಲ್ಲಿ ನಿಶ್ಚಿಂತೆಯಿಂದ ಕೂತ ತಾನು. ಆಸೆಯಾಗಲಿಲ್ಲ ಅಂದರೆ ಸುಳ್ಳು. ಒಂದು ಕ್ಷಣ ಆ ನಿಶ್ಚಿಂತೆಗೆ ಇಡೀ ಮೈ ವಾಲಿತು.

“ಬೇಡ ಸರ್. ನಾನು ವಾರ್ತೆ ಓದ್ತೀನಿ.”

“ಮತ್ತೆ ಹಾಗಾದ್ರೆ?”

“ಮತ್ತೆ ಗುಂಡಿ ಒತ್ತುತೀನಿ. ಎರಡು ಸೆಕೆಂಡಿಗೆ ಮುಗಿಸ್ತೀನಿ, ಆರು ಬೇಕಾಗಿಲ್ಲ. ನಿನ್ನೆ ಹೆದರಿದ್ದೆ, ಅದಕ್ಕೇ ಅಷ್ಟು ಹೊತ್ತಾಯ್ತು.”

“ಎರಡನೇ ಸ್ಟುಡಿಯೋ ನಾಟಕದವರಿಗೆ…”

“ನಾಟಕದವರು ನಡೀತಾರೆ ಸರ್. ಅವರ ಕಾಲಿಗೇನಾಗಿದೆ?”

ಮುಖ್ಯಸ್ಥರಿಗೆ ನಗು ಬಂತು, ನಗಬಹುದೋ ಬಾರದೋ ಎಂಬ ಅನುಮಾನವೂ ಜೊತೆಗೇ ಬಂದು, ಎರಡೂ ಸೇರಿ ಮುಖ ವಿಚಿತ್ರವಾಯಿತು. ಆಮೇಲೆ ಕನ್ನಡಕ ಹಾಕಿಕೊಂಡು, ಉಳಿದ ಸಾಲುಗಳನ್ನು ಪೂರ್ತಿ ಓದಿ, ಅಂಚಿನಲ್ಲಿ ‘ಒಪ್ಪಿದೆ’ ಎಂದು ಬರೆದರು. ಬರೆದ ಮೇಲೆ, ಪೆನ್ನಿನ ಮುಚ್ಚಳ ಹಾಕುತ್ತಾ, ಯಾರಿಗೋ ಹೇಳುವ ಹಾಗೆ ಅಂದರು, “ನಮ್ಮ ಮನೆಯವರು ಎಲ್ಲಿಗೂ ಬರಲ್ಲ ಅಂತಾರೆ. ಮಗ ಹುಟ್ಟಿದ ಮೇಲಿಂದ. ಸೋಮಾರಿತನ ಅಂದ್ಕೊಂಡಿದ್ದೆ.” ಅವಳು ಎದ್ದು ದಿಂಬು ತೆಗೆದುಕೊಂಡಳು.

ಸೋಮವಾರ ಮಧ್ಯಾಹ್ನ ಒಂದು ಹತ್ತಕ್ಕೆ ಎರಡನೇ ಸ್ಟುಡಿಯೋದಲ್ಲಿ ಕೆಂಪು ದೀಪ ಹತ್ತಿತು. ದಿಂಬಿನ ಎತ್ತರ ಸರಿಯಾಗಿತ್ತು. ತನ್ನ ಹೆಸರು ಹೇಳಿ ಓದಲು ಶುರುಮಾಡಿದಳು. ಆರನೇ ಸುದ್ದಿಗೆ ಅದು ಬಂತು, ಬರುತ್ತದೆಂದು ಗೊತ್ತೇ ಇತ್ತು. ಉಸಿರು ಕಟ್ಟಲಿಲ್ಲ. ಅಲ್ಪವಿರಾಮದಲ್ಲಿ ಉಸಿರು ಬಿಟ್ಟು, ಒಳಗಿನಿಂದ ಎತ್ತಿ ಹಿಡಿದಳು. ಏಳೇಳು ಸೆಕೆಂಡಿಗೊಮ್ಮೆ ಮತ್ತೆ ಎತ್ತಿ ಹಿಡಿಯುತ್ತಾ ಒಂದು ಪಾಲಿಕೆಯ ಸಭೆ, ಒಂದು ಸೇತುವೆಯ ಉದ್ಘಾಟನೆ ದಾಟಿದಳು. ಹವಾಮಾನದ ಹೊತ್ತಿಗೆ ಸ್ನಾಯು ಸೋತಿತು. ಬಲಗೈ ಗುಂಡಿಯ ಮೇಲೆ ಹೋಯಿತು, ಒತ್ತಿತು, ಬಿಟ್ಟಿತು. ಒಂದು ಸೆಕೆಂಡು, ಹೆಚ್ಚೆಂದರೆ ಒಂದೂವರೆ. ಕೇಳುವವರಿಗೆ ಅದು ಪುಟ ಮಗುಚಿದಷ್ಟೇ ಬಿಡುವು. ಗಾಜಿನಾಚೆ ಎಂಜಿನಿಯರ್ ಈ ಸಲ ಪುಸ್ತಕ ತೆರೆಯಲಿಲ್ಲ. ಮುಗಿಸಿ ಎದ್ದಾಗ ಬೆನ್ನೆಲ್ಲ ಬೆವೆತಿತ್ತು. ಗೆದ್ದೆ ಅನ್ನಿಸಲಿಲ್ಲ. ಕೆಲಸ ಮಾಡಿದೆ ಅನ್ನಿಸಿತು, ಮತ್ತು ತುಂಬ ಹಸಿವಾಯಿತು.

ಗುರುವಾರ ಆಸ್ಪತ್ರೆಯ ಗೇಟಿನ ಹತ್ತಿರ ಅವಳು ಕಾಲು ಗಂಟೆ ಕಾದಳು. ಇನ್ನು ಬರುವುದಿಲ್ಲ ಅಂದುಕೊಂಡು ತಿರುಗಿದಾಗ ಅಕ್ಕ ಬಸ್ಸಿನಿಂದ ಇಳಿದು, ಕೈಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡು ಬರುತ್ತಿದ್ದಳು. ಅತ್ತರು ಎಂದಿಗಿಂತ ಜೋರಾಗಿತ್ತು. “ಆ ಡಾಕ್ಟರು ಬೈತಾರಾ?” ಎಂದು ಮೆಟ್ಟಿಲ ಹತ್ತಿರ ಕೇಳಿದಳು. “ಇಷ್ಟು ವರ್ಷ ಎಲ್ಲಿ ಹಾಳಾಗಿ ಹೋಗಿದ್ರಿ ಅಂತ?” ಬೈಯಲ್ಲ ಅಂದಳು ಇವಳು. ಬೈದರೆ ನನ್ನನ್ನು ಕರೀರಿ ಅಂದಳು. ಮೊದಲ ಮಹಡಿಯ ಬಾಗಿಲಲ್ಲಿ ಆಯಾ ಇಬ್ಬರನ್ನೂ ನೋಡಿ, ಹಿರಿಯಳಿಗೆ, “ಅಮ್ಮ, ನೀವು ಹೊರಗೆ ಕೂತ್ಕೊಳ್ಳಿ. ಪೇಷಂಟ್ ಮಾತ್ರ ಒಳಗೆ” ಅಂದಳು.

“ಪೇಷಂಟ್ ನಾನೇ ಕಣಮ್ಮ,” ಅಂದಳು ಅಕ್ಕ. ದನಿ ಅಷ್ಟು ಗಟ್ಟಿಯಾಗಿ ಬಂದದ್ದಕ್ಕೆ ತಾನೇ ಬೆಚ್ಚಿದಳು. ಒಳಗೆ ಹೋದಳು. ಬಾಗಿಲು ಮುಚ್ಚಿತು.

ಇವಳು ಕಬ್ಬಿಣದ ಬೆಂಚಿನ ಮೇಲೆ ದಿಂಬು ಹಾಕಿ ಕೂತಳು. ಮೂವತ್ತು ವರ್ಷದ ಹಳೆಯ ಹರುಕು, ಸರಿಹೋಗದಿದ್ದರೆ? ಸುಮ್ಮನೆ ಇದ್ದ ಹೆಂಗಸಿನ ಎದೆಯಲ್ಲಿ ಆಸೆ ಎಬ್ಬಿಸಿ ಕರೆತಂದದ್ದು ಅವಳಿಗಾಗಿಯೋ, ಆ ಹೆಸರು ಇಟ್ಟ ತನ್ನ ನಾಲಿಗೆಗಾಗಿಯೋ? ಎರಡಕ್ಕೂ ಇರಬಹುದು. ಅದನ್ನು ಬಿಡಿಸಲು ಹೋಗದೆ ಅವಳು ತನ್ನ ಅಭ್ಯಾಸ ಶುರುಮಾಡಿದಳು. ಎತ್ತಿ, ಹಿಡಿದು, ಬಿಟ್ಟು. ಎಂಟು ಸೆಕೆಂಡು ಬಂತು. ಖಾತ್ರಿಯಾಗಲೆಂದು ಇನ್ನೊಮ್ಮೆ ಮಾಡಿದಳು, ಎಂಟೇ. ಪಕ್ಕದಲ್ಲಿ ತುಂಬು ಗರ್ಭಿಣಿಯೊಬ್ಬಳು ಬಂದು ಕೂತು, ದಿಂಬು ನೋಡಿ, ಅದು ಯಾಕೆ ಎಂದು ಕೇಳಿದಳು. ಇವಳು ಹೇಳಿದಳು, ಹೆದರಿಸದೆ, ಮುಚ್ಚಿಡದೆ, ನಡೆದದ್ದನ್ನು ನಡೆದ ಕ್ರಮದಲ್ಲಿ.

ಮುಕ್ಕಾಲು ಗಂಟೆಯ ಮೇಲೆ ಅಕ್ಕ ಹೊರಗೆ ಬಂದಳು. ಮುಖ ತೊಳೆದ ಹಾಗಿತ್ತು, ಕಣ್ಣು ಕೆಂಪಾಗಿತ್ತು. ಇವಳು ಎದ್ದು ನಿಂತಳು.

“ಪೂರ್ತಿ ಸರಿಹೋಗಲ್ಲವಂತೆ,” ಅಂದಳು ಅಕ್ಕ. “ಅರ್ಧ ಆಗಬಹುದಂತೆ. ಆರು ತಿಂಗಳು ಬಿಡದೆ ಮಾಡಬೇಕು. ಆಮೇಲೆ ಆಪರೇಷನ್ನಿಗೂ ನೋಡೋಣ ಅಂದ್ರು.” ಕೈಚೀಲದಿಂದ ಚೀಟಿ ತೆಗೆದು ಇನ್ನೊಮ್ಮೆ ಓದಿಕೊಂಡು, ಮಡಚಿ ಒಳಗಿಟ್ಟಳು. “ಅರ್ಧ ಅಂದ್ರೆ ಕಡಿಮೆ ಏನಲ್ಲ.”

ಇಬ್ಬರೂ ಮೆಟ್ಟಿಲಿಳಿದು ಬಿಸಿಲಿಗೆ ಬಂದರು. ಇವಳಿಗೆ ಮಧ್ಯಾಹ್ನದ ವಾರ್ತೆಗೆ ಹೊತ್ತಾಗುತ್ತಿತ್ತು. “ಮುಂದಿನ ವಾರ ಇದೇ ಹೊತ್ತಿಗೆ ಗೇಟಿನ ಹತ್ತಿರ ಇರ್ತೀನಿ ಅಕ್ಕ” ಅಂದಳು.

“ನೀನ್ಯಾಕೆ ಬರಬೇಕು?” ಅಕ್ಕ ಸೆರಗು ಸರಿಮಾಡಿಕೊಂಡು ರಸ್ತೆ ದಾಟಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು. “ದಾರಿ ಗೊತ್ತಾಯ್ತಲ್ಲ ನನಗೆ.”